ಮೌಸ್ ಆರಿಸುವುದು ಹೇಗೆ? ಡಬ್ಬಿ ಮೇಲಿನ ಅಂಕಿಗಳು ಮತ್ತು ನಿಮ್ಮ ಕೈ

ಹಳೇ ಮೌಸ್ ಒಂದು ಸಲ ಒತ್ತಿದರೆ ಎರಡು ಸಲ ಕ್ಲಿಕ್ ಆಗಲು ಶುರುವಾಗಿದೆ. ಅಥವಾ ಹೊಸ ಲ್ಯಾಪ್‌ಟಾಪ್ ಬಂದಿದೆ, ದಿನವಿಡೀ ಟಚ್‌ಪ್ಯಾಡ್ ಮೇಲೆ ಬೆರಳು ಉಜ್ಜಿ ಸಾಕಾಗಿದೆ. ಒಂದು ಮೌಸ್ ತಾನೆ, ತಗೊಂಡರಾಯಿತು ಅಂತ ಹುಡುಕಲು ಕೂತರೆ ತಲೆ ಕೆಡುವುದು ಗ್ಯಾರಂಟಿ. 16000 ಡಿಪಿಐ, 1000 ಹರ್ಟ್ಸ್, 2.4 ಗಿಗಾಹರ್ಟ್ಸ್, 2 ಕೋಟಿ ಕ್ಲಿಕ್, 6 ಬಟನ್. ಇದರಲ್ಲಿ ಯಾವುದು ಜಾಸ್ತಿ ಇದ್ದರೆ ಒಳ್ಳೆಯದು, ಯಾವುದು ಸುಮ್ನೆ ಬರೆದದ್ದು?

ಕೈಗೆ ಆರಾಮ ಇರುತ್ತದೋ ಇಲ್ಲವೋ ಅನ್ನುವುದನ್ನು ಮಾತ್ರ ಡಬ್ಬಿಯಲ್ಲಿ ಎಲ್ಲೂ ಬರೆದಿರುವುದಿಲ್ಲ. ದಿನಪೂರ್ತಿ ಹಿಡಿದುಕೊಂಡೇ ಇರುವ ವಸ್ತುವಿಗೆ ಮುಖ್ಯವಾದದ್ದು ಅದೇ ಅಲ್ವಾ? ಹಾಗಾಗಿ ಮೊದಲು ಆ ಅಂಕಿಗಳನ್ನು ಒಂದೊಂದಾಗಿ ಬಿಡಿಸಿ, ಅವು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತವೆ ಅಂತ ನೋಡೋಣ. ಆಮೇಲೆ ಕೈ, ಮಣಿಕಟ್ಟು, ಬಟನ್ ಕಡೆಗೆ ಬರೋಣ.

## ಮೌಸ್‌ಗೆ ತಾನು ಸರಿದದ್ದು ಹೇಗೆ ಗೊತ್ತಾಗುತ್ತದೆ?

ಮೊದಲ ಮೌಸ್ ಒಂದು ಮರದ ಪೆಟ್ಟಿಗೆ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅದನ್ನು ಯೋಚಿಸಿದರು, ಅವರ ಜೊತೆಗಾರ ಬಿಲ್ ಇಂಗ್ಲಿಷ್ ಕಟ್ಟಿದರು. ಪೆಟ್ಟಿಗೆಯ ಕೆಳಗೆ ಎರಡು ಚಕ್ರ. ಒಂದು ಎಡಬಲದ ಚಲನೆಯನ್ನು ಅಳೆಯುತ್ತಿತ್ತು, ಇನ್ನೊಂದು ಹಿಂದೆ ಮುಂದಿನದನ್ನು. 1968ರ ಡಿಸೆಂಬರ್ 9ರಂದು ಸ್ಯಾನ್‌ ಫ್ರಾನ್ಸಿಸ್ಕೋದಲ್ಲಿ ಜನರ ಮುಂದೆ ಅದನ್ನು ಬಳಸಿ ತೋರಿಸಿದರು. ಮುಂದೆ ಆ ಚಕ್ರಗಳ ಜಾಗಕ್ಕೆ ಒಂದು ಗುಂಡು ಬಂತು. ಆ ಕಾಲದ ಮೌಸ್ ಬಳಸಿದವರಿಗೆ ನೆನಪಿರಬೇಕು: ವಾರಕ್ಕೊಮ್ಮೆ ಹೊಟ್ಟೆ ತೆರೆದು, ಗುಂಡು ಹೊರಗೆ ತೆಗೆದು, ಒಳಗಿನ ರೋಲರ್‌ಗೆ ಅಂಟಿದ ಕಪ್ಪು ಕೊಳೆಯನ್ನು ಉಗುರಿನಲ್ಲಿ ಕೆರೆಯುವ ಕೆಲಸ.

ಈಗಿನ ಮೌಸ್‌ನಲ್ಲಿ ಉರುಳುವುದು ಏನೂ ಇಲ್ಲ. ತಿರುಗಿಸಿ ನೋಡಿದರೆ ಹೊಟ್ಟೆಯಲ್ಲಿ ಒಂದು ಸಣ್ಣ ತೂತು, ಅದರೊಳಗೆ ಒಂದು ಲೆನ್ಸ್. ಲೆನ್ಸ್ ಹಿಂದೆ ಪುಟಾಣಿ ಕ್ಯಾಮೆರಾ ಇದೆ. ಪಕ್ಕದಲ್ಲೇ ಇರುವ ದೀಪ ಮೇಜಿನ ಮೇಲೆ ಓರೆಯಾಗಿ ಬೆಳಕು ಚೆಲ್ಲುತ್ತದೆ. ಓರೆ ಬೆಳಕಿನಲ್ಲಿ ಮರದ ಎಳೆ, ಬಟ್ಟೆಯ ನೂಲು, ಕಾಗದದ ತರಿಗಳಿಗೆಲ್ಲ ಸಣ್ಣ ಸಣ್ಣ ನೆರಳು ಬೀಳುತ್ತವೆ. ಕ್ಯಾಮೆರಾ ಆ ನೆರಳಿನ ಚಿತ್ರವನ್ನು ಒಂದರ ಹಿಂದೆ ಒಂದರಂತೆ ತೆಗೆಯುತ್ತಲೇ ಇರುತ್ತದೆ. ಒಳಗಿನ ಚಿಪ್ ಹಿಂದಿನ ಚಿತ್ರವನ್ನು ಈಗಿನದರ ಜೊತೆ ಹೋಲಿಸಿ, ಯಾವ ಕಡೆ ಎಷ್ಟು ಸರಿದಿದೆ ಅಂತ ಲೆಕ್ಕ ಹಾಕುತ್ತದೆ.

ಓಡುವ ಬಸ್ಸಿನ ತಳದಲ್ಲಿ ಒಂದು ತೂತು ಇದೆ, ನಿಮಗೆ ಅದರಿಂದ ರಸ್ತೆ ಬಿಟ್ಟು ಬೇರೇನೂ ಕಾಣುತ್ತಿಲ್ಲ ಅಂದುಕೊಳ್ಳಿ. ಕಲ್ಲು, ಬಿರುಕು, ಬಣ್ಣದ ಗುರುತು ಹಿಂದಕ್ಕೆ ಸರಿಯುವುದನ್ನು ನೋಡಿಯೇ ಬಸ್ಸು ಎತ್ತ ಹೋಗುತ್ತಿದೆ, ಎಷ್ಟು ಜೋರಾಗಿ ಅಂತ ಹೇಳಬಹುದು. ಆದರೆ ರಸ್ತೆ ಒಂದೇ ಒಂದು ಗುರುತೂ ಇಲ್ಲದ ಹಾಗೆ ನುಣ್ಣಗಿದ್ದರೆ? ಬಸ್ಸು ನಿಂತಿದೆಯೋ ಓಡುತ್ತಿದೆಯೋ ಅಂತಲೇ ಗೊತ್ತಾಗುವುದಿಲ್ಲ. ಗಾಜಿನ ಮೇಜಿನ ಮೇಲೆ ಮೌಸ್ ತಡಬಡಾಯಿಸುವುದು ಇದೇ ಕಾರಣಕ್ಕೆ.

1999ರಲ್ಲಿ ಮೈಕ್ರೋಸಾಫ್ಟ್ ತಂದ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಈ ಬಗೆಯ ಮೌಸ್ ಅನ್ನು ಎಲ್ಲರ ಮೇಜಿಗೆ ತಲುಪಿಸಿತು. ಅದು ಸೆಕೆಂಡಿಗೆ 1500 ಚಿತ್ರ ತೆಗೆಯುತ್ತಿತ್ತು. ಈಗಿನ ಸೆನ್ಸರ್‌ಗಳು ಅದಕ್ಕಿಂತ ಎಷ್ಟೋ ಜಾಸ್ತಿ ತೆಗೆಯುತ್ತವೆ. ಹಾಗಾಗಿ ಕೈ ಎಷ್ಟೇ ಬೇಗ ಬೀಸಿದರೂ ಲೆಕ್ಕ ತಪ್ಪುವುದು ಅಪರೂಪ.

ಡಬ್ಬಿ ಮೇಲೆ 'ಆಪ್ಟಿಕಲ್' ಅಂತ ಇದ್ದರೆ ಬೆಳಕಿನ ಮೂಲ ಎಲ್‌ಇಡಿ ದೀಪ. ಕೆಲವದರಲ್ಲಿ ಕೆಂಪಗೆ ಕಾಣುತ್ತದೆ, ಕೆಲವದರಲ್ಲಿ ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. 'ಲೇಸರ್' ಅಂತ ಇದ್ದರೆ ದೀಪದ ಬದಲು ಲೇಸರ್. ಲೇಸರ್ ಸ್ವಲ್ಪ ನುಣುಪಾದ ಮೇಲ್ಮೈಯಲ್ಲೂ ಗುರುತು ಹಿಡಿಯುತ್ತದೆ. ಆದರೆ ಮೆತ್ತಗಿನ ಬಟ್ಟೆಯ ಪ್ಯಾಡ್ ಮೇಲೆ ಬೇಡದ ಸಣ್ಣಪುಟ್ಟದ್ದನ್ನೂ ನೋಡಿ ಗೊಂದಲ ಮಾಡಿಕೊಳ್ಳುವುದುಂಟು. ಪಾರದರ್ಶಕ ಗಾಜಿನ ಮೇಲೂ ನಡೆಯಬೇಕು ಅನ್ನುವವರಿಗೆ ಅದಕ್ಕೆಂದೇ ಮಾಡಿದ ಸೆನ್ಸರ್‌ಗಳಿವೆ, ಲಾಜಿಟೆಕ್ 2009ರಲ್ಲಿ ತಂದ ಡಾರ್ಕ್‌ಫೀಲ್ಡ್ ಅಂಥದ್ದು. ಇಲ್ಲದಿದ್ದರೆ ಒಂದು ಮೌಸ್‌ಪ್ಯಾಡ್ ಹಾಕಿ, ಕಥೆ ಮುಗಿಯಿತು.

ಕರ್ಸರ್ ತಾನಾಗಿಯೇ ನಡುಗುತ್ತಿದೆ, ಮೌಸ್ ಕೆಟ್ಟಿದೆ ಅಂತ ಹೊಸದು ಹುಡುಕುತ್ತಿದ್ದೀರಾ? ಮೊದಲು ಹೊಟ್ಟೆಯ ಆ ತೂತನ್ನು ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಸಲ ಒಂದೇ ಒಂದು ಕೂದಲು ಲೆನ್ಸ್‌ಗೆ ಅಡ್ಡ ಕೂತಿರುತ್ತದೆ. ಊದಿದರೆ ಹೋಗುತ್ತದೆ, ಹೊಸ ಮೌಸ್ ಖರ್ಚೂ ಉಳಿಯುತ್ತದೆ.

## ಡಿಪಿಐ: ಜಾಸ್ತಿ ಇದ್ದರೆ ಒಳ್ಳೆಯದಾ?

ಮೌಸ್ ಒಂದು ಇಂಚು ಸರಿದರೆ ಕಂಪ್ಯೂಟರ್‌ಗೆ ಎಷ್ಟು ಹೆಜ್ಜೆ ಸರಿದೆ ಅಂತ ವರದಿ ಮಾಡುತ್ತದೆ ಅನ್ನುವ ಲೆಕ್ಕವೇ ಡಿಪಿಐ. ಕೆಲವು ಕಂಪನಿಗಳು ಇದನ್ನೇ ಸಿಪಿಐ ಅಂತ ಬರೆಯುತ್ತವೆ, ಎರಡೂ ಒಂದೇ. 800 ಡಿಪಿಐ ಅಂದರೆ ಒಂದು ಇಂಚಿಗೆ 800 ಹೆಜ್ಜೆ.

ಇದನ್ನು ಸ್ಕ್ರೀನ್ ಜೊತೆ ಇಟ್ಟು ನೋಡಿದರೆ ಬೇಗ ಅರ್ಥವಾಗುತ್ತದೆ. ಫುಲ್ ಎಚ್‌ಡಿ ಸ್ಕ್ರೀನ್‌ನ ಅಗಲ 1920 ಪಿಕ್ಸೆಲ್. ಸೆಟ್ಟಿಂಗ್ ಸಾಮಾನ್ಯವಾಗಿದ್ದು, ಒಂದು ಹೆಜ್ಜೆಗೆ ಒಂದು ಪಿಕ್ಸೆಲ್ ಅಂತ ಇಟ್ಟುಕೊಂಡರೆ, 800 ಡಿಪಿಐನಲ್ಲಿ ಕರ್ಸರ್ ಈ ತುದಿಯಿಂದ ಆ ತುದಿಗೆ ಹೋಗಲು ಕೈ 2.4 ಇಂಚು, ಅಂದರೆ ಸುಮಾರು 6 ಸೆಂಟಿಮೀಟರ್ ಸರಿಯಬೇಕು. 1600ರಲ್ಲಿ ಅದರ ಅರ್ಧ ಸಾಕು. 16000 ಡಿಪಿಐನಲ್ಲಿ? ಬರೀ 3 ಮಿಲಿಮೀಟರ್. ಉಸಿರೆಳೆದರೂ ಕರ್ಸರ್ ಹಾರಿಹೋಗುತ್ತದೆ! ಅದನ್ನಿಟ್ಟುಕೊಂಡು ಒಂದು ಸಣ್ಣ ಗುಂಡಿಯ ಮೇಲೆ ಕ್ಲಿಕ್ ಮಾಡುವುದು ಯಾರಿಂದಲೂ ಆಗದ ಮಾತು.

ಹಾಗಾಗಿ ಆಫೀಸು ಕೆಲಸಕ್ಕೆ, ಬ್ರೌಸಿಂಗ್‌ಗೆ 800ರಿಂದ 1600 ಬಹಳಷ್ಟು ಜನಕ್ಕೆ ಸಾಕು. 4ಕೆ ಸ್ಕ್ರೀನ್ ಅಥವಾ ಎರಡು ಸ್ಕ್ರೀನ್ ಅಕ್ಕಪಕ್ಕ ಇದ್ದರೆ 2400, 3200ರವರೆಗೆ ಏರಿಸಿದರೆ ಅನುಕೂಲ, ಯಾಕೆಂದರೆ ಕರ್ಸರ್ ದಾಟಬೇಕಾದ ಪಿಕ್ಸೆಲ್‌ಗಳೇ ಜಾಸ್ತಿ. ಗುರಿಯಿಟ್ಟು ಹೊಡೆಯುವ ಆಟಗಳನ್ನು ಪಂದ್ಯದ ಮಟ್ಟದಲ್ಲಿ ಆಡುವವರಲ್ಲಿ ಅನೇಕರು 400 ಅಥವಾ 800 ಇಟ್ಟುಕೊಂಡೇ ಆಡುತ್ತಾರೆ. ದೊಡ್ಡ ಪ್ಯಾಡ್ ಹಾಸಿಕೊಂಡು, ಮಣಿಕಟ್ಟಿನ ಬದಲು ಇಡೀ ತೋಳನ್ನೇ ಆಡಿಸಿ ಗುರಿ ಹಿಡಿಯುವುದು ಅವರ ಅಭ್ಯಾಸ.

ಇನ್ನೊಂದು ವಿಷಯ. ಕಡಿಮೆ ದರ್ಜೆಯ ಮೌಸ್‌ಗಳಲ್ಲಿ ಬರೆದ ಡಿಪಿಐ ಪೂರ್ತಿ ನಿಜವಾಗಿರಬೇಕೆಂದಿಲ್ಲ. ಸೆನ್ಸರ್ ನಿಜವಾಗಿ ಎಣಿಸುವುದು ಕಡಿಮೆ, ಚಿಪ್ ಅದನ್ನು ಎರಡರಿಂದಲೋ ನಾಲ್ಕರಿಂದಲೋ ಗುಣಿಸಿ ಹೇಳುತ್ತದೆ. ಆಗ ಕರ್ಸರ್ ಒಂದೊಂದೇ ಪಿಕ್ಸೆಲ್ ಸರಿಯುವ ಬದಲು ಜಿಗಿದು ಜಿಗಿದು ಹೋಗುತ್ತದೆ. ಡಿಪಿಐ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದನ್ನು ಬದಲಾಯಿಸುವ ಬಟನ್ ಇದೆಯಾ ಅಂತ ನೋಡುವುದು ಉತ್ತಮ. ವೀಲ್ ಹಿಂದೆ ಇರುವ ಸಣ್ಣ ಬಟನ್ ಸಾಮಾನ್ಯವಾಗಿ ಅದಕ್ಕೇ ಇರುತ್ತದೆ. ಕರ್ಸರ್ ಇದ್ದಕ್ಕಿದ್ದಂತೆ ಹುಚ್ಚಾಪಟ್ಟೆ ಓಡತೊಡಗಿದರೆ ಅದನ್ನು ಗೊತ್ತಿಲ್ಲದೆ ಒತ್ತಿರುತ್ತೀರಿ, ವೈರಸ್ ಅಲ್ಲ.

## ಹರ್ಟ್ಸ್: ಸೆಕೆಂಡಿಗೆ ಎಷ್ಟು ಸಲ?

ಮೌಸ್ ತನ್ನ ಲೆಕ್ಕವನ್ನು ಕಂಪ್ಯೂಟರ್‌ಗೆ ಸೆಕೆಂಡಿಗೆ ಎಷ್ಟು ಸಲ ಒಪ್ಪಿಸುತ್ತದೆ ಅನ್ನುವುದು ಪೋಲಿಂಗ್ ರೇಟ್. 125 ಹರ್ಟ್ಸ್ ಅಂದರೆ 8 ಮಿಲಿಸೆಕೆಂಡಿಗೆ ಒಂದು ಸಲ. 1000 ಹರ್ಟ್ಸ್ ಅಂದರೆ ಪ್ರತಿ ಮಿಲಿಸೆಕೆಂಡಿಗೆ. ಸಾಮಾನ್ಯ 60 ಹರ್ಟ್ಸ್ ಸ್ಕ್ರೀನ್ ಹೊಸ ಚಿತ್ರ ತೋರಿಸುವುದೇ ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ಹಾಗಾಗಿ ಮೇಲ್, ಎಕ್ಸೆಲ್, ವಿಡಿಯೋ ನೋಡುವವರಿಗೆ 125 ಸಾಕು. ವೇಗದ ಆಟ ಆಡುವವರಿಗೆ, ಅದರಲ್ಲೂ 144 ಹರ್ಟ್ಸ್ ಸ್ಕ್ರೀನ್ ಇದ್ದವರಿಗೆ 1000 ಇದ್ದರೆ ವ್ಯತ್ಯಾಸ ಕಾಣುತ್ತದೆ. ಈಗ 8000 ಹರ್ಟ್ಸ್‌ನವೂ ಬಂದಿವೆ. ಅವು ಕಂಪ್ಯೂಟರ್‌ನ ಪ್ರೊಸೆಸರ್‌ಗೂ ಒಂದಷ್ಟು ಕೆಲಸ ಕೊಡುತ್ತವೆ, ವೈರ್‌ಲೆಸ್ ಆದರೆ ಬ್ಯಾಟರಿಯನ್ನೂ ಬೇಗ ತಿನ್ನುತ್ತವೆ.

ಇದರ ಬಗ್ಗೆ ಇಷ್ಟು ಸಾಕು.

## ವೈರ್ ಇರಬೇಕಾ, ಬೇಡವಾ?

ವೈರ್ ಇರುವ ಮೌಸ್‌ಗೆ ಬ್ಯಾಟರಿ ಚಿಂತೆ ಇಲ್ಲ, ಕಳೆದುಹೋಗುವ ಡಾಂಗಲ್ (ಮೌಸ್‌ನ ಸಂಕೇತ ಹಿಡಿಯುವ ಸಣ್ಣ ಯುಎಸ್‌ಬಿ ತುಂಡು) ಇಲ್ಲ, ಚುಚ್ಚಿದರೆ ಕೆಲಸ ಶುರು. ಅದರ ತೊಂದರೆ ವೈರೇ. ದಪ್ಪನೆಯ ಬಿರುಸಾದ ವೈರ್ ಮೇಜಿನ ಅಂಚಿಗೆ ಸಿಕ್ಕಿಕೊಂಡು ಪ್ರತಿ ಸಲವೂ ಕೈಯನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಕೊಳ್ಳುವಾಗ ವೈರ್ ಬಗ್ಗಿಸಿ ನೋಡಿ. ಮೆತ್ತಗೆ ಬಾಗಿದರೆ ಸರಿ, ಬಿಟ್ಟ ಕೂಡಲೇ ಸೆಟೆದು ನಿಂತರೆ ಅದು ದಿನವೂ ಕಿರಿಕಿರಿ.

ವೈರ್‌ಲೆಸ್‌ನಲ್ಲಿ ಎರಡು ಬಗೆ. ಒಂದು, 2.4 ಗಿಗಾಹರ್ಟ್ಸ್ ಅಂತ ಬರೆದಿರುವುದು. ಇದರ ಜೊತೆ ಉಗುರಿನಷ್ಟು ಸಣ್ಣ ಡಾಂಗಲ್ ಬರುತ್ತದೆ, ಅದನ್ನು ಯುಎಸ್‌ಬಿ ಪೋರ್ಟ್‌ಗೆ ಚುಚ್ಚಬೇಕು. ಇನ್ನೊಂದು ಬ್ಲೂಟೂತ್. ಇದಕ್ಕೆ ಡಾಂಗಲ್ ಬೇಡ, ಪೋರ್ಟ್ ಉಳಿಯುತ್ತದೆ, ಟ್ಯಾಬ್ಲೆಟ್‌ಗೂ ಜೋಡಿಸಬಹುದು. ತಮಾಷೆ ಅಂದರೆ ಬ್ಲೂಟೂತ್ ಕೂಡ ಅದೇ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಗಳಲ್ಲೇ ನಡೆಯುತ್ತದೆ. ಡಬ್ಬಿ ಮೇಲೆ ಆ ಅಂಕಿ ಇದ್ದರೆ 'ಡಾಂಗಲ್ ಇದೆ' ಅಂತಷ್ಟೇ ಓದಿಕೊಳ್ಳಿ.

ಡಾಂಗಲ್ ಇರುವುದು ಸಾಮಾನ್ಯವಾಗಿ ಚುರುಕು. ಕಂಪ್ಯೂಟರ್ ಆನ್ ಆದ ತಕ್ಷಣ ಕೆಲಸ ಮಾಡುತ್ತದೆ. ಬ್ಲೂಟೂತ್ ಮೌಸ್ ನಿದ್ದೆಯಿಂದ ಎದ್ದು ಮತ್ತೆ ಸೇರಿಕೊಳ್ಳಲು ಒಂದೆರಡು ಸೆಕೆಂಡ್ ತಗೊಳ್ಳಬಹುದು. ಬಯೋಸ್ ಪರದೆಯಲ್ಲಿ, ಅಂದರೆ ವಿಂಡೋಸ್ ತೆರೆಯುವ ಮುಂಚೆ, ಅದು ಸಾಮಾನ್ಯವಾಗಿ ಕೆಲಸ ಮಾಡುವುದೇ ಇಲ್ಲ. ಎರಡೂ ಇರುವ ಮೌಸ್‌ಗಳೂ ಸಿಗುತ್ತವೆ. ಆಫೀಸಿನ ಲ್ಯಾಪ್‌ಟಾಪ್, ಸ್ವಂತ ಕಂಪ್ಯೂಟರ್, ಟ್ಯಾಬ್ಲೆಟ್ ಅಂತ ಎರಡು ಮೂರು ಸಾಧನಗಳ ನಡುವೆ ಓಡಾಡುವವರಿಗೆ, ಹೊಟ್ಟೆಯಲ್ಲಿ 1, 2, 3 ಅಂತ ಬದಲಾಯಿಸುವ ಬಟನ್ ಇರುವುದು ತುಂಬ ಅನುಕೂಲ.

ಡಾಂಗಲ್ ಹಾಕಿದರೂ ಕರ್ಸರ್ ತಡವರಿಸುತ್ತದೆ ಅನ್ನುವ ದೂರು ಬಹಳ ಕೇಳಿಬರುತ್ತದೆ. ಅದಕ್ಕೆ ಒಂದು ದೊಡ್ಡ ಕಾರಣ ಪಕ್ಕದ ಯುಎಸ್‌ಬಿ 3 ಪೋರ್ಟ್. ಅಲ್ಲಿ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಕೆಲಸ ಮಾಡುವಾಗ ಹೊಮ್ಮುವ ರೇಡಿಯೋ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್ ಸುತ್ತಲೂ ಹರಡುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಬರೆದಿತ್ತು. ಪರಿಹಾರ ಸುಲಭ: ಡಾಂಗಲ್ ಅನ್ನು ಬೇರೆ ಪೋರ್ಟ್‌ಗೆ ಬದಲಾಯಿಸಿ, ಅಥವಾ ಒಂದು ಸಣ್ಣ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೌಸ್ ಹತ್ತಿರಕ್ಕೆ ತನ್ನಿ. ಡೆಸ್ಕ್‌ಟಾಪ್ ಡಬ್ಬದ ಬೆನ್ನಲ್ಲಿ, ಕಬ್ಬಿಣದ ಮರೆಯಲ್ಲಿ ಡಾಂಗಲ್ ಚುಚ್ಚಿಟ್ಟವರಿಗೂ ಇದೇ ಮದ್ದು.

ಭದ್ರತೆಯ ವಿಷಯವೂ ಒಂದಿದೆ. 2016ರಲ್ಲಿ ಬಾಸ್ಟಿಲ್ ಎಂಬ ಸಂಸ್ಥೆಯ ಸಂಶೋಧಕರು 'ಮೌಸ್‌ಜ್ಯಾಕ್' ಅಂತ ಒಂದು ದೋಷ ಹೊರಗೆಡವಿದರು. ಹಲವು ಕಂಪನಿಗಳ ಡಾಂಗಲ್‌ಗಳು ಮೌಸ್‌ನಿಂದ ಬರುವ ಸಂಕೇತವನ್ನು ಪರೀಕ್ಷಿಸದೆ ನಂಬುತ್ತಿದ್ದವು. ಹತ್ತಿರದಲ್ಲಿರುವ ಬೇರೆ ಯಾರೋ ಮೌಸ್ ವೇಷದಲ್ಲಿ ಕೀಬೋರ್ಡ್ ಟೈಪಿಂಗ್ ಕಳಿಸಿದರೂ ಒಪ್ಪಿಕೊಳ್ಳುತ್ತಿದ್ದವು. ಬ್ಲೂಟೂತ್ ಮೌಸ್‌ಗಳಿಗೆ ಈ ದೋಷ ತಟ್ಟಿರಲಿಲ್ಲ. ಕೆಲವು ಕಂಪನಿಗಳು ತಿದ್ದುಪಡಿ ತಂದವು. ಮನೆ ಬಳಕೆಗೆ ಹೆದರುವ ಅಗತ್ಯವಿಲ್ಲ. ಆದರೆ ಗುಟ್ಟಿನ ಕಡತಗಳ ಜೊತೆ ಕೆಲಸ ಮಾಡುವವರು ಆ ಕಾಲದ ಹಳೇ ಡಾಂಗಲ್ ಇನ್ನೂ ಬಳಸುತ್ತಿದ್ದರೆ ಬದಲಾಯಿಸುವುದು ಒಳ್ಳೆಯದು.

ಬ್ಯಾಟರಿಯಲ್ಲಿ ಎರಡು ದಾರಿ. ಎಎ ಸೆಲ್ ಹಾಕುವಂಥದ್ದು ತಿಂಗಳುಗಟ್ಟಲೆ ನಡೆಯುತ್ತದೆ, ಮುಗಿದರೆ ಬದಲಾಯಿಸಿ ಅರ್ಧ ನಿಮಿಷದಲ್ಲಿ ಕೆಲಸಕ್ಕೆ ಮರಳಬಹುದು. ಒಳಗೇ ಚಾರ್ಜ್ ಆಗುವಂಥದ್ದಕ್ಕೆ ಸೆಲ್ ತರುವ ರಗಳೆ ಇಲ್ಲ. ಆದರೆ ಕೆಲವು ವರ್ಷಗಳಾದ ಮೇಲೆ ಆ ಬ್ಯಾಟರಿ ಸೊರಗಿದರೆ ಬದಲಾಯಿಸುವುದು ಕಷ್ಟ. ಚಾರ್ಜ್ ಮಾಡುತ್ತಲೇ ಬಳಸಬಹುದಾ ಅಂತ ಕೇಳಿ ತಗೊಳ್ಳಿ. ಆಪಲ್‌ನ ಮ್ಯಾಜಿಕ್ ಮೌಸ್‌ಗೆ ಚಾರ್ಜಿಂಗ್ ಪೋರ್ಟ್ ಇರುವುದು ಹೊಟ್ಟೆಯಲ್ಲಿ! ಚಾರ್ಜ್ ಆಗುವಾಗ ಅದು ಮಗುಚಿಕೊಂಡು ಮಲಗಿರುತ್ತದೆ, ನೀವು ಕಾಯುತ್ತಾ ಕೂತಿರುತ್ತೀರಿ.

## ಕೈ ಅಳತೆ

ಇಲ್ಲಿಗೆ ಬಂದರೆ ಡಬ್ಬಿಯ ಅಂಕಿಗಳು ಬಹುಪಾಲು ಮುಗಿದವು, ಕ್ಲಿಕ್ ಮತ್ತು ಬಟನ್ ಲೆಕ್ಕ ಆಮೇಲೆ. ಇನ್ನು ನಿಮ್ಮದೇ ಅಂಕಿ ಬೇಕು.

ಕೈ ಚಾಚಿ ಅಂಗೈ ಮೇಲೆ ಮಾಡಿ. ಮಣಿಕಟ್ಟಿನ ಹತ್ತಿರ ಗೆರೆ ಮೂಡುತ್ತದಲ್ಲ, ಅಲ್ಲಿಂದ ನಡುಬೆರಳಿನ ತುದಿಯವರೆಗೆ ಸ್ಕೇಲ್ ಇಟ್ಟು ಅಳೆಯಿರಿ. ಸುಮಾರು 17 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಸಣ್ಣ ಕೈ, 20 ದಾಟಿದರೆ ದೊಡ್ಡ ಕೈ, ಮಧ್ಯದಲ್ಲಿದ್ದರೆ ಮಧ್ಯಮ. ಇದು ಅಂದಾಜಿನ ಲೆಕ್ಕ, ಕಟ್ಟುನಿಟ್ಟಿನದಲ್ಲ. ಈಗ ಮೌಸ್‌ನ ಉದ್ದ ನೋಡಿ. ಸಣ್ಣ ಕೈಗೆ 10ರಿಂದ 11 ಸೆಂಟಿಮೀಟರ್ ಉದ್ದದ್ದು, ದೊಡ್ಡ ಕೈಗೆ 12ಕ್ಕಿಂತ ಜಾಸ್ತಿ ಇರುವುದು ಹೊಂದಿಕೊಳ್ಳುವ ಸಾಧ್ಯತೆ ಜಾಸ್ತಿ. ಬ್ಯಾಗಿನಲ್ಲಿ ಹಾಕಿಕೊಂಡು ಹೋಗಲು ಮಾಡಿದ ಚಪ್ಪಟೆ ಪುಟ್ಟ ಮೌಸ್‌ಗಳು ಇದಕ್ಕಿಂತ ಸಣ್ಣವು. ಪ್ರಯಾಣದಲ್ಲಿ ಅರ್ಧ ಗಂಟೆಗೆ ಸರಿ. ದೊಡ್ಡ ಕೈಯವರು ಅದನ್ನೇ ದಿನವಿಡೀ ಹಿಡಿದರೆ ಬೆರಳುಗಳು ಮುದುಡಿಕೊಂಡೇ ಇರಬೇಕಾಗುತ್ತದೆ, ಸಂಜೆಗೆ ನೋವು ಶುರು.

ಹಿಡಿಯುವ ರೀತಿಯೂ ಎಲ್ಲರದೂ ಒಂದೇ ಅಲ್ಲ. ಈಗ ಕೈಯಲ್ಲಿ ಮೌಸ್ ಇದ್ದರೆ ಕೆಳಗೆ ನೋಡಿ. ಇಡೀ ಅಂಗೈ ಮೌಸ್ ಬೆನ್ನಿನ ಮೇಲೆ ಒರಗಿದೆಯಾ? ಅದು ಪಾಮ್ ಗ್ರಿಪ್. ಇವರಿಗೆ ಬೆನ್ನು ಉಬ್ಬಿದ, ಉದ್ದನೆಯ ಮೌಸ್ ಬೇಕು, ಇಲ್ಲದಿದ್ದರೆ ಅಂಗೈಗೆ ಆಸರೆ ಸಿಗುವುದಿಲ್ಲ. ಅಂಗೈಯ ಹಿಂಭಾಗ ಮಾತ್ರ ತಾಗಿ, ಬೆರಳುಗಳು ಕಮಾನಿನಂತೆ ಬಾಗಿ ತುದಿಯಿಂದ ಬಟನ್ ಒತ್ತುತ್ತಿವೆಯಾ? ಅದು ಕ್ಲಾ ಗ್ರಿಪ್. ಇವರಿಗೆ ಉಬ್ಬು ಹಿಂದಕ್ಕೆ ಇರುವುದು ಹಿಡಿಸುತ್ತದೆ. ಅಂಗೈ ತಾಗುವುದೇ ಇಲ್ಲ, ಬರೀ ಬೆರಳ ತುದಿಯಲ್ಲಿ ಹಿಡಿದಿದ್ದೀರಾ? ಅದು ಫಿಂಗರ್‌ಟಿಪ್ ಗ್ರಿಪ್. ಹಗುರವಾದ, ತಗ್ಗಾದ ಮೌಸ್ ಇವರಿಗೆ. ಯಾವುದೂ ತಪ್ಪಲ್ಲ, ಯಾವುದನ್ನೂ ಬಲವಂತವಾಗಿ ಬದಲಾಯಿಸಬೇಕಿಲ್ಲ.

ತೂಕದ ಬಗ್ಗೆ ಆಟಗಾರರು ತುಂಬ ತಲೆ ಕೆಡಿಸಿಕೊಳ್ಳುತ್ತಾರೆ, 60 ಗ್ರಾಮ್‌ಗಿಂತ ಕೆಳಗಿನವನ್ನು ಹುಡುಕುತ್ತಾರೆ. ಮೌಸ್ ಎತ್ತಿ ಎತ್ತಿ ಇಡುವವರಿಗೆ ಅದು ನ್ಯಾಯವೇ. ಆಫೀಸು ಕೆಲಸಕ್ಕೆ 100 ಗ್ರಾಮ್ ಆಸುಪಾಸು ಇದ್ದರೆ ಏನೂ ತೊಂದರೆ ಇಲ್ಲ, ಕೆಲವರಿಗೆ ಸ್ವಲ್ಪ ಭಾರ ಇದ್ದರೇ ಕೈ ನಿಲ್ಲುತ್ತದೆ. ತೂಕಕ್ಕಿಂತ ಕೆಳಗಿನ ಪಾದಗಳು ಎಷ್ಟು ಸಲೀಸಾಗಿ ಜಾರುತ್ತವೆ ಅನ್ನುವುದು ಕೈಗೆ ಜಾಸ್ತಿ ಗೊತ್ತಾಗುತ್ತದೆ. ಒಳ್ಳೆಯ ಮೌಸ್‌ಗಳಿಗೆ ಟೆಫ್ಲಾನ್ ಜಾತಿಯ ವಸ್ತುವಿನ ಪಾದಗಳಿರುತ್ತವೆ.

ಎಡಗೈ ಬಳಸುವವರಿಗೆ ಒಂದು ಮಾತು. 'ಎರಡೂ ಕೈಗೆ' ಅಂತ ಬರೆದ ಮೌಸ್ ಆಕಾರದಲ್ಲಿ ಸಮ ಇರುತ್ತದೆ ನಿಜ. ಆದರೆ ಪಕ್ಕದ ಎರಡು ಬಟನ್‌ಗಳು ಯಾವ ಬದಿಯಲ್ಲಿವೆ ನೋಡಿ. ಬಹುಪಾಲು ಎಡಬದಿಯಲ್ಲೇ ಇರುತ್ತವೆ, ಅಂದರೆ ಬಲಗೈಯ ಹೆಬ್ಬೆರಳಿಗೆ. ಎಡಗೈಯಲ್ಲಿ ಹಿಡಿದರೆ ಅವು ಉಂಗುರ ಬೆರಳು, ಕಿರುಬೆರಳಿನ ಪಾಲಿಗೆ ಬರುತ್ತವೆ, ಬಳಸುವುದು ಕಷ್ಟ. ಎರಡೂ ಬದಿಯಲ್ಲಿ ಬಟನ್ ಇರುವುದನ್ನೋ, ಎಡಗೈಗೆಂದೇ ಮಾಡಿದ್ದನ್ನೋ ಹುಡುಕಿ. ಎಡ ಕ್ಲಿಕ್, ಬಲ ಕ್ಲಿಕ್ ಅದಲುಬದಲು ಮಾಡುವುದು ಮಾತ್ರ ಸೆಟ್ಟಿಂಗ್‌ನಲ್ಲೇ ಆಗುತ್ತದೆ.

## ಮಣಿಕಟ್ಟು ನೋಯುತ್ತಿದ್ದರೆ

ಮಾಮೂಲಿ ಮೌಸ್ ಹಿಡಿದಾಗ ಅಂಗೈ ನೆಲ ನೋಡುತ್ತದೆ. ಹಾಗೆ ತಿರುಗಿಸಲು ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಹೊರಳಬೇಕು, ಸ್ನಾಯುಗಳು ಅದನ್ನು ಹಾಗೇ ಹಿಡಿದಿಡಬೇಕು. ಅದಲ್ಲದೆ ಮಣಿಕಟ್ಟು ಮೇಜಿಗೆ ಒತ್ತಿ, ಹಿಂದಕ್ಕೆ ಬಾಗಿರುತ್ತದೆ. ಮಣಿಕಟ್ಟಿನ ಒಳಗೆ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಚುವ ನಾರುಗಳೂ, ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹೋಗುವ ನರವೂ ಅದರಲ್ಲೇ ಸಾಗಬೇಕು. ಅಲ್ಲಿ ಒತ್ತಡ ಜಾಸ್ತಿಯಾದರೆ ಆ ಬೆರಳುಗಳು ಜೋಮು ಹಿಡಿಯುತ್ತವೆ. ಕಾರ್ಪಲ್ ಟನಲ್ ತೊಂದರೆ ಅಂತ ಕರೆಯುವುದು ಇದನ್ನೇ.

ವರ್ಟಿಕಲ್ ಮೌಸ್ ಅನ್ನು ಕೈ ಕುಲುಕಲು ಚಾಚಿದ ಭಂಗಿಯಲ್ಲಿ ಹಿಡಿಯಬೇಕು, ಹೆಬ್ಬೆರಳು ಮೇಲೆ, ಕಿರುಬೆರಳು ಕೆಳಗೆ. ಮುಂಗೈ ಹೊರಳುವುದು ಕಡಿಮೆಯಾಗುತ್ತದೆ. ಮೊದಲ ಕೆಲವು ದಿನ ಕರ್ಸರ್ ಹೇಳಿದ ಮಾತು ಕೇಳುವುದಿಲ್ಲ, ಕ್ಲಿಕ್ ಮಾಡಲು ಹೋದರೆ ಮೌಸೇ ಪಕ್ಕಕ್ಕೆ ಸರಿಯುತ್ತದೆ. ಯಾಕೆಂದರೆ ಬಟನ್ ಈಗ ಕೆಳಗಲ್ಲ, ಅಡ್ಡಕ್ಕೆ ಒತ್ತಬೇಕು. ಒಂದೆರಡು ವಾರ ಕೊಡದೆ ತೀರ್ಮಾನಿಸಬೇಡಿ.

ಟ್ರ್ಯಾಕ್‌ಬಾಲ್‌ನಲ್ಲಿ ಮೌಸ್ ಅಲ್ಲಾಡುವುದೇ ಇಲ್ಲ, ಮೇಲಿರುವ ಗುಂಡನ್ನು ಬೆರಳಿನಿಂದ ಉರುಳಿಸಬೇಕು. ಮೇಜಿನಲ್ಲಿ ಜಾಗ ಇಲ್ಲದವರಿಗೆ, ತೋಳು ಅಲ್ಲಾಡಿಸಿದರೆ ಭುಜ ನೋಯುವವರಿಗೆ ಒಳ್ಳೆಯದು. ಹೆಬ್ಬೆರಳಿನಿಂದ ಉರುಳಿಸುವಂಥದ್ದು ಆದರೆ ಎಲ್ಲ ಕೆಲಸ ಹೆಬ್ಬೆರಳಿನ ಮೇಲೇ ಬೀಳುತ್ತದೆ ಅನ್ನುವುದು ನೆನಪಿರಲಿ. ಹೆಬ್ಬೆರಳು ಈಗಾಗಲೇ ಫೋನ್‌ನಲ್ಲಿ ದಣಿದಿರುವವರು ತೋರುಬೆರಳು, ನಡುಬೆರಳಿನಿಂದ ಉರುಳಿಸುವ ಮಾದರಿ ನೋಡಬಹುದು.

ಇವೆಲ್ಲ ಕೊಳ್ಳುವ ಮೊದಲು ಒಂದು ಪುಕ್ಕಟೆ ಪ್ರಯೋಗ ಇದೆ. ನಿಮ್ಮ ಕೀಬೋರ್ಡ್‌ನ ಬಲಗಡೆ ಅಂಕಿಗಳ ಪ್ಯಾಡ್ ಇದ್ದರೆ, ಅದು ಮೌಸ್ ಅನ್ನು ಸುಮಾರು ಒಂದು ಗೇಣು ಆಚೆಗೆ ತಳ್ಳಿರುತ್ತದೆ. ಮೊಣಕೈ ದೇಹದಿಂದ ದೂರ, ಭುಜ ಹೊರಗೆ, ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗಿದ ಭಂಗಿ. ಕೀಬೋರ್ಡ್ ಅನ್ನು ಎಡಕ್ಕೆ ಸರಿಸಿ ಮೌಸ್ ಹತ್ತಿರ ತನ್ನಿ, ಮೊಣಕೈ ಮೇಜಿನ ಮಟ್ಟಕ್ಕೆ ಬರುವ ಹಾಗೆ ಕುರ್ಚಿ ಏರಿಸಿ. ಅರ್ಧ ನೋವು ಮೌಸ್‌ನದ್ದಲ್ಲ, ಅದು ಇರುವ ಜಾಗದ್ದು ಅಂತ ಗೊತ್ತಾಗಬಹುದು. ಇಷ್ಟಾದರೂ ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ವೈದ್ಯರ ಕೆಲಸ, ಯಾವ ಮೌಸ್‌ನಿಂದಲೂ ಆಗುವಂಥದ್ದಲ್ಲ.

## ಬಟನ್ ಮತ್ತು ವೀಲ್: ಕೆಡುವುದು ಇಲ್ಲೇ

ಸೆನ್ಸರ್ ಕೆಟ್ಟು ಬಿಸಾಡುವ ಮೌಸ್ ಕಡಿಮೆ. ಬಹಳಷ್ಟು ಸಾಯುವುದು ಎಡ ಬಟನ್‌ನಿಂದ.

ಪ್ರತಿ ಬಟನ್ ಕೆಳಗೆ ಪುಟ್ಟ ಪೆಟ್ಟಿಗೆಯಂಥ ಒಂದು ಸ್ವಿಚ್ ಇದೆ. ಅದನ್ನು ಬಿಚ್ಚಿದರೆ ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ, ಬಾಗಿದ ಲೋಹದ ಪಟ್ಟಿ. ಒತ್ತಿದಾಗ ಆ ಪಟ್ಟಿ ಟಕ್ ಅಂತ ಮಗುಚಿ ಕೆಳಗಿನ ಬಿಂದುವಿಗೆ ತಾಗುತ್ತದೆ. ನಿಮಗೆ ಕೇಳಿಸುವ ಸದ್ದು ಅದೇ. ತಾಗುವಾಗ ಪಟ್ಟಿ ಒಂದೇ ಸಲಕ್ಕೆ ನಿಲ್ಲುವುದಿಲ್ಲ, ಕ್ಷಣಮಾತ್ರ ಪುಟಿಯುತ್ತದೆ. ಆ ಪುಟಿತವನ್ನು ಎರಡನೇ ಕ್ಲಿಕ್ ಅಂತ ಎಣಿಸಬಾರದು ಅಂತ ಚಿಪ್ ಕೆಲವು ಮಿಲಿಸೆಕೆಂಡ್ ಕಾಯುತ್ತದೆ. ವರ್ಷಗಳು ಕಳೆದಂತೆ ಪಟ್ಟಿಯ ಬಿಗಿ ಸಡಿಲವಾಗಿ, ತಾಗುವ ಜಾಗದಲ್ಲಿ ಪದರ ಕಟ್ಟಿ, ಪುಟಿತ ಆ ಕಾಯುವ ಹೊತ್ತನ್ನೂ ಮೀರುತ್ತದೆ. ಆಗ ಒಂದು ಒತ್ತಿಗೆ ಎರಡು ಕ್ಲಿಕ್. ಫೈಲ್ ಎಳೆದುಕೊಂಡು ಹೋಗುವಾಗ ಅರ್ಧ ದಾರಿಯಲ್ಲಿ ಕೈಬಿಡುವುದೂ ಇದೇ ರೋಗದ ಲಕ್ಷಣ.

2 ಕೋಟಿ ಕ್ಲಿಕ್ ಅನ್ನುವ ಅಂಕಿ ಈ ಸ್ವಿಚ್‌ನದ್ದು. ದಿನಕ್ಕೆ 5000 ಸಲ ಒತ್ತಿದರೂ ಅಷ್ಟಾಗಲು ಸುಮಾರು 11 ವರ್ಷ ಬೇಕು. ಹಾಗಿದ್ದರೂ ಎಷ್ಟೋ ಮೌಸ್‌ಗಳು ಅದಕ್ಕಿಂತ ಬೇಗ ಕೈಕೊಡುತ್ತವೆ, ಯಾಕೆಂದರೆ ಪರೀಕ್ಷೆಯಲ್ಲಿ ಬೆವರು, ಧೂಳು, ತೇವ ಇರುವುದಿಲ್ಲ. ಇತ್ತೀಚೆಗೆ ಕೆಲವು ಮೌಸ್‌ಗಳಲ್ಲಿ ಆಪ್ಟಿಕಲ್ ಸ್ವಿಚ್ ಬರುತ್ತಿದೆ. ಅದರಲ್ಲಿ ಬಟನ್ ಒತ್ತಿದ್ದನ್ನು ಲೋಹದ ಬದಲು ಬೆಳಕಿನ ಕಿರಣ ತಿಳಿಸುತ್ತದೆ, ಹಾಗಾಗಿ ಲೋಹ ಪುಟಿದು ಎರಡು ಕ್ಲಿಕ್ ಆಗುವ ಪ್ರಶ್ನೆ ಇಲ್ಲ. ತುಂಬ ಕ್ಲಿಕ್ ಮಾಡುವವರು ಡಿಪಿಐಗೆ ಕೊಡುವ ಗಮನವನ್ನು ಇದಕ್ಕೆ ಕೊಟ್ಟರೆ ಲಾಭ ಜಾಸ್ತಿ. ವಾರಂಟಿ ಎಷ್ಟು ವರ್ಷ ಅನ್ನುವುದೂ ಇಲ್ಲೇ ಮುಖ್ಯವಾಗುವುದು.

'ಸೈಲೆಂಟ್' ಅಂತ ಇದ್ದರೆ ಟಕ್ ಸದ್ದು ಬಹುತೇಕ ಕೇಳಿಸುವುದಿಲ್ಲ. ಮಗು ಮಲಗಿರುವ ಕೋಣೆ, ಮೀಟಿಂಗ್ ಮಧ್ಯೆ ಕೆಲಸ, ಇಂಥ ಕಡೆ ವರದಾನ. ಒತ್ತಿದ್ದು ಬೆರಳಿಗೆ ಸ್ವಲ್ಪ ಮಂಕಾಗಿ ಗೊತ್ತಾಗುತ್ತದೆ, ಅದು ಕೆಲವರಿಗೆ ಹಿಡಿಸುವುದಿಲ್ಲ.

ವೀಲ್‌ನಲ್ಲಿ ಸಾಮಾನ್ಯವಾಗಿ ಹಂತಹಂತವಾಗಿ ಕಟ್ ಕಟ್ ಅಂತ ತಿರುಗುವಂಥದ್ದು ಇರುತ್ತದೆ. ಸಾವಿರಾರು ಸಾಲಿನ ಶೀಟ್, ಉದ್ದುದ್ದ ಕಡತ ನೋಡುವವರು ತಡೆಯಿಲ್ಲದೆ ಗಿರಗಿರ ತಿರುಗುವ ವೀಲ್ ಇರುವ ಮೌಸ್ ಒಮ್ಮೆ ಬಳಸಿದರೆ ಹಳೆಯದಕ್ಕೆ ಮರಳುವುದು ಕಷ್ಟ. ವೀಲ್ ಅನ್ನೇ ಒತ್ತಿದರೆ ಅದೊಂದು ಮೂರನೇ ಬಟನ್: ಬ್ರೌಸರ್‌ನಲ್ಲಿ ಲಿಂಕ್ ಮೇಲೆ ಒತ್ತಿದರೆ ಹೊಸ ಟ್ಯಾಬ್ ತೆರೆಯುತ್ತದೆ, ಟ್ಯಾಬ್ ಮೇಲೆ ಒತ್ತಿದರೆ ಮುಚ್ಚುತ್ತದೆ. ಕೆಲವು ಮೌಸ್‌ಗಳಲ್ಲಿ ಒತ್ತಲು ಎಷ್ಟು ಬಲ ಬೇಕು ಅಂದರೆ ಒತ್ತುವಷ್ಟರಲ್ಲಿ ವೀಲ್ ತಿರುಗಿಬಿಟ್ಟಿರುತ್ತದೆ. ಕೈಗೆ ಸಿಕ್ಕಾಗ ಇದನ್ನು ಒತ್ತಿ ನೋಡುವುದನ್ನು ಮರೆಯಬೇಡಿ.

ಹೆಬ್ಬೆರಳಿನ ಹತ್ತಿರದ ಎರಡು ಬಟನ್ ಬ್ರೌಸರ್‌ನಲ್ಲಿ ಹಿಂದಿನ ಪುಟ, ಮುಂದಿನ ಪುಟಕ್ಕೆ. ಇಷ್ಟು ಎಲ್ಲರಿಗೂ ಉಪಯೋಗ. ಹನ್ನೆರಡು ಬಟನ್ ಇರುವವು ಕೆಲವು ಆಟಗಳಿಗೆ, ವಿಡಿಯೋ ಎಡಿಟಿಂಗ್‌ಗೆ ಸರಿ. ಆದರೆ ಅವಕ್ಕೆ ಕೆಲಸ ಹಂಚಲು ಕಂಪನಿಯ ಸಾಫ್ಟ್‌ವೇರ್ ಹಾಕಬೇಕು. ಆಫೀಸಿನ ಕಂಪ್ಯೂಟರ್‌ನಲ್ಲಿ ಅದಕ್ಕೆ ಅನುಮತಿ ಇಲ್ಲದಿರಬಹುದು. ಸೆಟ್ಟಿಂಗ್ ಮೌಸ್ ಒಳಗೇ ಉಳಿಯುತ್ತದಾ ಅಂತ ಮೊದಲೇ ತಿಳಿದುಕೊಳ್ಳಿ. ಹಾಗಿದ್ದರೆ ಒಂದು ಕಂಪ್ಯೂಟರ್‌ನಲ್ಲಿ ಹೊಂದಿಸಿ ಇನ್ನೊಂದರಲ್ಲಿ ಬಳಸಬಹುದು.

## ಮನೆಗೆ ತಂದ ಮೇಲೆ, ವಾಪಸ್ ಕೊಡುವ ಗಡುವಿನೊಳಗೆ

ಹೊಸ ಮೌಸ್ ಹಾಕಿ ಮೊದಲು ಕರ್ಸರ್ ವೇಗ ಸರಿಮಾಡಿ. ವಿಂಡೋಸ್‌ನಲ್ಲಿ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಅಂತ ಒಂದು ಆಯ್ಕೆ ಇದೆ. ಅದು ಆನ್ ಇದ್ದರೆ ಕೈ ಬೇಗ ಸರಿದಾಗ ಕರ್ಸರ್ ಜಾಸ್ತಿ ದೂರ ಹೋಗುತ್ತದೆ, ನಿಧಾನಕ್ಕೆ ಸರಿದಾಗ ಕಡಿಮೆ. ಸಣ್ಣ ಜಾಗದಲ್ಲಿ ಕೆಲಸ ಮಾಡುವವರಿಗೆ ಇದು ಅನುಕೂಲ, ಆಟಗಾರರು ಬಹುಪಾಲು ಆಫ್ ಮಾಡುತ್ತಾರೆ. ಎರಡೂ ರೀತಿ ನೋಡಿ, ಹೊಸ ಮೌಸ್ ಸರಿಯಿಲ್ಲ ಅನ್ನಿಸುವುದು ಎಷ್ಟೋ ಸಲ ಇದೊಂದರಿಂದಲೇ.

ಆಮೇಲೆ ಒಂದು ಫೋಲ್ಡರ್ ಮೇಲೆ ನಿಧಾನಕ್ಕೆ ಒಂದೊಂದೇ ಸಲ ಕ್ಲಿಕ್ ಮಾಡುತ್ತಾ ಹೋಗಿ, ಯಾವಾಗಲಾದರೂ ತಾನಾಗಿಯೇ ತೆರೆದುಕೊಂಡರೆ ಸ್ವಿಚ್ ಸರಿಯಿಲ್ಲ. ಒಂದು ಉದ್ದನೆಯ ಪುಟ ತೆರೆದು ವೀಲ್ ಕೆಳಗೆ ತಿರುಗಿಸಿ, ನಡುವೆ ಎಲ್ಲಾದರೂ ಪುಟ ಮೇಲಕ್ಕೆ ಜಿಗಿದರೆ ವೀಲ್ ದೋಷ. ಮೌಸ್ ಕೈಯಲ್ಲೆತ್ತಿ ಮೆಲ್ಲಗೆ ಅಲ್ಲಾಡಿಸಿ, ಒಳಗೆ ಏನೋ ಗಲಗಲ ಅಂದರೆ ಅದೂ ಒಳ್ಳೆಯ ಲಕ್ಷಣ ಅಲ್ಲ. ಎರಡು ಬದಿಯನ್ನು ಬೆರಳಿನಿಂದ ಒತ್ತಿದಾಗ ಪ್ಲಾಸ್ಟಿಕ್ ಕಿರುಗುಟ್ಟಬಾರದು.

ಇಷ್ಟೆಲ್ಲ ಸರಿ ಇದ್ದು, ಎರಡು ಮೂರು ದಿನದ ಮಾಮೂಲಿ ಕೆಲಸ ಮುಗಿದ ಮೇಲೂ ಕಿರುಬೆರಳು ಮೇಜಿಗೆ ಉಜ್ಜುತ್ತಿದೆ, ಹೆಬ್ಬೆರಳಿಗೆ ಪಕ್ಕದ ಬಟನ್ ಎಟುಕುತ್ತಿಲ್ಲ ಅನ್ನಿಸಿದರೆ ಅಭ್ಯಾಸವಾಗುತ್ತದೆ ಬಿಡು ಅಂತ ಕಾಯಬೇಡಿ. ವರ್ಟಿಕಲ್ ಮತ್ತು ಟ್ರ್ಯಾಕ್‌ಬಾಲ್‌ಗೆ ಮಾತ್ರ ಆ ರಿಯಾಯಿತಿ. ಮಾಮೂಲಿ ಮೌಸ್ ಆದರೆ ವಾಪಸ್ ಕೊಟ್ಟು ಇನ್ನೊಂದು ಅಳತೆಯದು ತಗೊಳ್ಳಿ, ಡಾಂಗಲ್ ಮಾತ್ರ ಪೋರ್ಟ್‌ನಲ್ಲೇ ಮರೆತು ಕೊಡಬೇಡಿ.